ಕಾಡಿನ ಕಾವಲೂ ಕಿರ್ದಿ ಪುಸ್ತಕವೂ

ವನ್ಯಜೀವಿ ಸಂರಕ್ಷಣೆ ಎಂದೊಡನೆ ಹುಲಿ, ಆನೆ, ಅರಣ್ಯರಕ್ಷಕರು ಕಣ್ಣಮುಂದೆ ನಿಲ್ಲುತ್ತಾರೆ. ಅಂಥ ಸಂಸ್ಥೆಯ ಕಚೇರಿಯಲ್ಲಿ ಕುಳಿತು ಜಮಾ-ಖರ್ಚು ಬರೆಯುವವನು ಯಾರ ನೆನಪಿಗೂ ಬರುವುದಿಲ್ಲ. ವಾಣಿಜ್ಯ ಪದವಿ ಪಡೆದು ಈ ಉದ್ಯೋಗಕ್ಕೆ ಸೇರಿದ ತರುಣನನ್ನು ನೆಂಟರಿಷ್ಟರು, ‘ಬ್ಯಾಂಕಿನಲ್ಲಿ ಕೆಲಸ ಸಿಗಲಿಲ್ಲವೇ?’ ಎಂದು ಕೇಳುವುದೂ ಉಂಟು. ಆದರೆ ಕಾಡಿನ ಕ್ಷೇಮವು ಆತನ ಕಿರ್ದಿ ಪುಸ್ತಕವನ್ನೂ ಅವಲಂಬಿಸಿದೆ ಎಂಬುದನ್ನು ಬಲ್ಲವರು ವಿರಳ.

2025ರ ಜೂನ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷವಿಕ್ಕಲಾಗಿತ್ತು. ಅಲ್ಲಿಯ ಹೊರಗುತ್ತಿಗೆ ಸಿಬ್ಬಂದಿಗೆ ಕೆಲವು ತಿಂಗಳುಗಳಿಂದ ವೇತನ ಸಂದಿರಲಿಲ್ಲವೆಂಬುದೂ ಆಗ ಬೆಳಕಿಗೆ ಬಂದಿತು. ವೇತನದ ವಿಳಂಬವೇ ಹುಲಿಗಳನ್ನು ಕೊಂದಿತೆನ್ನುವುದು ಸರಿಯಲ್ಲ. ವಿಷವಿಟ್ಟ ಕೈ ಬೇರೆ. ಆದರೂ ಮನೆಗೆ ಅಕ್ಕಿ ಒಯ್ಯಲಾರದ ಕಾವಲುಗಾರನಿಂದ ಹಗಲಿರುಳು ಗಸ್ತನ್ನು ನಿರೀಕ್ಷಿಸುವುದು ಧರ್ಮವೆನಿಸದು.

ಹಸುವನ್ನು ಕಳೆದುಕೊಂಡ ರೈತನ ಕಷ್ಟವೂ ಕಡಿಮೆಯದಲ್ಲ. ಸರಕಾರವು ಪರಿಹಾರ ಕೊಡುತ್ತದೆ. ಅದಕ್ಕೆ ಅರ್ಜಿ, ಛಾಯಾಚಿತ್ರ, ದಾಖಲೆಗಳು ಬೇಕು. ಬಂಡೀಪುರ, ನಾಗರಹೊಳೆಗಳ ಅಂಚಿನ ಹಳ್ಳಿಗಳಲ್ಲಿ ಈ ಕಾರ್ಯಕ್ಕೆ ನೆರವಾಗಲೆಂದೇ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯು 2015ರಲ್ಲಿ ‘ವೈಲ್ಡ್ ಸೇವೆ’ಯನ್ನು ಆರಂಭಿಸಿತು. ಇಂಥ ಸೇವೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ಅಲೆಯುವ ಕಾರ್ಯಕರ್ತನ ಸಂಬಳ, ಪೆಟ್ರೋಲು, ದೂರವಾಣಿಯ ವೆಚ್ಚಗಳೆಲ್ಲವೂ ಲೆಕ್ಕಿಗನ ಮೇಜಿನ ಮೂಲಕವೇ ಹೋಗಬೇಕು.

ಲೆಕ್ಕಿಗನಿಗೆ ನಿಜವಾದ ಪರೀಕ್ಷೆ ಬರುವುದು ಹಣವಿಲ್ಲದಾಗ ಅಲ್ಲ. ಒಂದು ಖಾತೆಯಲ್ಲಿ ಹಣವಿದ್ದು ಇನ್ನೊಂದು ಬರಿದಾದಾಗ. ದಾನಿಯೊಬ್ಬರು ಹುಲಿಗಣತಿಯ ಕ್ಯಾಮೆರಾಗಳಿಗಾಗಿ ಕೊಟ್ಟ ಮೊತ್ತ ಬ್ಯಾಂಕಿನಲ್ಲಿರುತ್ತದೆ. ಕಾರ್ಯಕರ್ತರ ಸಂಬಳಕ್ಕೆ ಬಿಡಿಗಾಸಿಲ್ಲ. ‘ಎಲ್ಲವೂ ಹುಲಿಗಾಗಿಯೇ ತಾನೇ, ಸದ್ಯಕ್ಕೆ ಅದರಿಂದಲೇ ಕೊಡಿ’ ಎಂಬ ಮಾತು ಬರುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ, ಅಗತ್ಯವೂ ನಿಜವೇ. ಆದರೂ ದಾನಿಯ ಲಿಖಿತ ಒಪ್ಪಿಗೆಯಿಲ್ಲದೆ ಆ ಹಣವನ್ನು ಮುಟ್ಟುವುದು, ಕೊಡದಿದ್ದುದನ್ನು ತೆಗೆದುಕೊಂಡಂತೆಯೇ ಸರಿ. ಅಭಿಷೇಕಕ್ಕೆಂದು ಬಂದ ಕಾಣಿಕೆಯಿಂದ ಪ್ರಾಕಾರದ ಗೋಡೆ ಕಟ್ಟಿಸಲಾಗದೆಂಬುದನ್ನು ಬಸದಿಯ ಧರ್ಮದರ್ಶಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂದು ಸಂಜೆಯೇ ದಾನಿಗೆ ಪತ್ರ ಬರೆದು ಒಪ್ಪಿಗೆ ಕೇಳುವುದೂ, ಬರುವ ವರ್ಷಕ್ಕೆ ಮೂರು ತಿಂಗಳ ವೇತನವನ್ನಾದರೂ ಮೀಸಲಿರಿಸುವಂತೆ ಆಡಳಿತ ಮಂಡಳಿಯನ್ನು ಒಪ್ಪಿಸುವುದೂ ಲೆಕ್ಕಿಗನ ಕರ್ತವ್ಯ. ‘ಸಾಧ್ಯವಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾದರೆ ಆತನ ಕರ್ತವ್ಯ ಅರ್ಧವಾಯಿತು.

ದಾನಿಗಳ ಪಾಲಿನ ಹೊಣೆಯೂ ಇದೆ. ಹುಲಿಗೆ ಕೊಡಲು ಎಲ್ಲರಿಗೂ ಮನಸ್ಸಿದೆ. ಕಚೇರಿಯ ಬಾಡಿಗೆಗೆ, ಲೆಕ್ಕಪರಿಶೋಧನೆಗೆ ಕೊಡಲು ಮನಸ್ಸಿಲ್ಲ. ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಾದ ತಿದ್ದುಪಡಿಯಂತೆ, ಅಂಥ ಹಣದಲ್ಲಿ ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು. ಒಂದು ಸಂಸ್ಥೆಯು ಪಡೆದುದನ್ನು ಮತ್ತೊಂದಕ್ಕೆ ವರ್ಗಾಯಿಸುವುದೂ ನಿಷಿದ್ಧವಾಯಿತು. ದೊಡ್ಡ ಸಂಸ್ಥೆಗಳ ಮೂಲಕ ಈ ಹಣ ಪಡೆಯುತ್ತಿದ್ದ ಸಣ್ಣ ಸಂಸ್ಥೆಗಳು ಸ್ವದೇಶದ ದಾನವನ್ನೇ ನೆಚ್ಚಬೇಕಾಯಿತು. ಆ ದಾನಿಗಳೂ ಆಡಳಿತ ವೆಚ್ಚಕ್ಕೆ ಮುಖ ತಿರುಗಿಸಿದರೆ, ಬಾಡಿಗೆಯನ್ನು ‘ಕ್ಷೇತ್ರಕಾರ್ಯ’ದ ಬಾಬತ್ತಿನಲ್ಲಿ ಬರೆಯುವ ಪ್ರಲೋಭನೆ ಹುಟ್ಟುತ್ತದೆ. ಒಂದು ಸಣ್ಣ ಸುಳ್ಳು ಹೀಗೆ ಪುಸ್ತಕದೊಳಗೆ ಕಾಲಿಡುತ್ತದೆ. ಬರೆದವನು ತಪ್ಪಿತಸ್ಥನೇ; ಆದರೆ ಸತ್ಯವಾದ ಲೆಕ್ಕ ಬರೆಯಲು ಆತನಿಗೆ ಎಡೆಗೊಡದ ದಾನಿಯು ನಿರ್ದೋಷಿಯೇ?

ಆದುದರಿಂದ ಜೀವದಯೆಗೆಂದು ಹಣ ತೆಗೆದಿಡುವ ಕುಟುಂಬಗಳೂ ಧರ್ಮಸಂಸ್ಥೆಗಳೂ, ಪರಿಶೋಧಿತ ಲೆಕ್ಕವನ್ನು ಅವಶ್ಯವಾಗಿ ಕೇಳಿ ನೋಡಲಿ. ನೋಡಿ ತೃಪ್ತಿಯಾದ ಮೇಲೆ, ಕೊಡುವುದರಲ್ಲಿ ಒಂದು ಪಾಲನ್ನು ಕಾವಲುಗಾರನ ವೇತನಕ್ಕೂ ಲೆಕ್ಕಿಗನ ವೇತನಕ್ಕೂ ಎಂದು ಸ್ಪಷ್ಟವಾಗಿ ಬರೆದುಕೊಡಲಿ.