ಹಿತ್ತಿಲ ಕೋಳಿಯ ಹಾದಿಯಲ್ಲಿ ಹಾಸನ ಸೀಮೆ

ಹಾಸನಕ್ಕೆ ಹೋಗಿ ಬರುವವರು ಬೇಲೂರು, ಹಳೇಬೀಡು ನೋಡಿಕೊಂಡು, ಶ್ರವಣಬೆಳಗೊಳದ ಮೆಟ್ಟಿಲು ಹತ್ತಿ ಇಳಿದು, ಕಾಲುನೋವೆಂದು ಬಸ್ಸಿನಲ್ಲಿ ನಿದ್ದೆ ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಕಿಟಕಿಯಿಂದ ಹೊರಗೆ ನೋಡುತ್ತಿರಿ. ಹಳ್ಳಿ ಬಂದಾಗಲೆಲ್ಲ ಯಾವುದೋ ತಿಪ್ಪೆಯ ಮೇಲೆ ಹೇಂಟೆಯೊಂದು ಮಣ್ಣು ಕೆರೆಯುತ್ತಿರುತ್ತದೆ. ಹಿಂದೆ ಏಳೆಂಟು ಪಿಳ್ಳೆಗಳು. ಆ ಹೇಂಟೆ ಮನೆಯ ಯಜಮಾನನದಲ್ಲ, ಯಜಮಾನಿಯದು. ಹೊಲ, ಹಸು, ಟ್ರಾಕ್ಟರು ಯಾರ ಹೆಸರಿನಲ್ಲೇ ಇರಲಿ, ಕೋಳಿ ಮಾರಿದ ದುಡ್ಡು ಮಾತ್ರ ಸೆರಗಿನ ಗಂಟಿಗೆ ಸೇರಬೇಕು ಎನ್ನುವುದು ಇಲ್ಲಿ ಬಹಳ ಮನೆಗಳ ರೂಢಿ. ಮಗಳ ಪುಸ್ತಕಕ್ಕೋ, ತವರಿಗೆ ಹೋಗುವ ಬಸ್ ಚಾರ್ಜಿಗೋ ಆ ಗಂಟು ಬಿಚ್ಚುತ್ತದೆ. ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಊರಂಚಿನಲ್ಲಿ ಮನೆ ಕಟ್ಟಿಕೊಂಡು, ಹಿಂದೆ ಒಂದಿಷ್ಟು ಜಾಗ ಉಳಿಸಿಕೊಂಡಿರುವ ಸೋದರಿಯರು ಅನೇಕರಿದ್ದೀರಿ. ನಾಲ್ಕು ಕೋಳಿ ಸಾಕಿದರೆ ಹೇಗೆ ಎಂಬ ಆಸೆಯೂ ಇದೆ. ಹಾಗಾದರೆ ಈ ನಾಲ್ಕು ತಾಲ್ಲೂಕುಗಳನ್ನು ಒಮ್ಮೆ ಸುತ್ತಿ ಬನ್ನಿ. (ಮಾಂಸ ಮುಟ್ಟದವರು ಚನ್ನರಾಯಪಟ್ಟಣಕ್ಕೆ ಮೊದಲೇ ಬಸ್ಸಿಳಿದುಬಿಡಬಹುದು!)

ಮೊದಲು ಹಾಸನ. ಪೇಟೆಯಲ್ಲಿ ‘ನಾಟಿ’ ಎಂದು ಮಾರುವುದೆಲ್ಲ ನಾಟಿಯಲ್ಲ. ಬಣ್ಣಬಣ್ಣದ ಗರಿ, ಗಟ್ಟಿಮುಟ್ಟಾದ ಮೈ ಇರುವ ಗಿರಿರಾಜ ನೋಡಲು ನಾಟಿಯಂತೆಯೇ ಕಾಣುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಿಲಿಗೆಂದೇ ಅದನ್ನು ಬೆಳೆಸಿ 1989ರಲ್ಲಿ ಹೊರತಂದರು. 2005ರಲ್ಲಿ ಸ್ವರ್ಣಧಾರ ಬಂತು. ನಮ್ಮ ನಾಟಿ ಹೇಂಟೆ ವರ್ಷಕ್ಕೆ ಅರುವತ್ತು ಎಪ್ಪತ್ತು ಮೊಟ್ಟೆ ಇಟ್ಟರೆ, ಗಿರಿರಾಜ ಅದರ ಎರಡರಷ್ಟು ಇಡುತ್ತದೆ. ಸ್ವರ್ಣಧಾರ ಇನ್ನೂ ಹೆಚ್ಚು. ಈಗ ಹಾಸನದಲ್ಲಿಯೇ ಪಶುವೈದ್ಯಕೀಯ ಕಾಲೇಜು ಇದೆ, ಕೇಳಿ ತಿಳಿದುಕೊಳ್ಳಲು ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಮರಿ ತರುವಾಗ ಕಣ್ಣು ಚುರುಕಾಗಿರುವುದನ್ನು, ಹೊಕ್ಕುಳು ಒಣಗಿರುವುದನ್ನು, ಕಾಲ ಮೇಲೆ ಗಟ್ಟಿಯಾಗಿ ನಿಲ್ಲುವುದನ್ನು ನೋಡಿ ಆರಿಸಿ. ತಾಯಿಯಿಲ್ಲದ ಮರಿಗೆ ಮೂರು ನಾಲ್ಕು ವಾರ ಕಾವು ಬೇಕು. ಹಳೆಯ ಕಾಲದ ಅರುವತ್ತು ವ್ಯಾಟಿನ ಬಲ್ಬು ಸಿಕ್ಕರೆ ಒಳ್ಳೆಯದು. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಮರಿಗಳೆಲ್ಲ ಬಲ್ಬಿನ ಕೆಳಗೆ ಒತ್ತಿಕೊಂಡರೆ ಚಳಿ, ಮೂಲೆಗೆ ಸರಿದರೆ ಸೆಕೆ. ಥರ್ಮಾಮೀಟರಿಗಿಂತ ಅವೇ ಚೆನ್ನಾಗಿ ಹೇಳುತ್ತವೆ.

ಹಾಸನದಿಂದ ಹೊಳೆನರಸೀಪುರಕ್ಕೆ ಮೈಸೂರಿನ ರೈಲಿನಲ್ಲಿ ಹೋಗುವುದೇ ಚಂದ. ಹೇಮಾವತಿಯ ದಡದ ಊರು, ಲಕ್ಷ್ಮೀನರಸಿಂಹಸ್ವಾಮಿಯ ಗುಡಿ, ಕಾಲುವೆ ನೀರಿನ ಗದ್ದೆಗಳು. ಇಲ್ಲಿಯ ಹಳ್ಳಿಯೊಂದರ ಜಗಲಿಯಲ್ಲಿ ಕುಳಿತ ಅಜ್ಜಿಯನ್ನು ಗಿರಿರಾಜದ ವಿಷಯ ಕೇಳಿದರೆ, “ಮೊಟ್ಟೆ ಏನೋ ಇಕ್ತವೆ ಕಣವ್ವ, ಕಾವಿಗೆ ಕೂರಾಕಿಲ್ಲವಲ್ಲ! ಮನೇಲಿ ಒಂದು ನಾಟಿ ಯಾಟೆ ಇರ್ಬೇಕು, ಮಿಕ್ಕಿದ್ದು ಅದೇ ಕಲಿಸ್ತದೆ,” ಅಂದರು. ನಿಜವಾದ ಮಾತು. ಗಿರಿರಾಜಕ್ಕೆ ಕಾವಿನ ಗುಣವಿಲ್ಲ. ಅದರ ಮೊಟ್ಟೆಯಿಂದ ಮರಿ ಮಾಡಿಸಿದರೂ ಮರಿಗಳು ತಾಯಿಯಂತೆ ಬರುವುದಿಲ್ಲ.

ಅಜ್ಜಿ ಕಾವು ಕೂರಿಸುವ ಕ್ರಮವನ್ನು ನೀವೂ ಅನುಸರಿಸಬಹುದು. ಬಿದಿರ ಮಂಕರಿಯಲ್ಲಿ ಹುಲ್ಲು ಹಾಸಿ, ಹತ್ತರಿಂದ ಹನ್ನೆರಡು ಮೊಟ್ಟೆ, ಅಷ್ಟೇ. ವಾರಕ್ಕಿಂತ ಹಳೆಯ ಮೊಟ್ಟೆ ಬೇಡ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಪಕ್ಕದಲ್ಲಿ ಒಂದು ಕಬ್ಬಿಣದ ಚೂರು, ಇದ್ದಿಲು ಇಡುತ್ತಾರೆ. ಅದರಿಂದ ನಷ್ಟವೇನೂ ಇಲ್ಲ, ಇಡಲಿ ಬಿಡಿ. ಏಳನೆಯ ರಾತ್ರಿ ಟಾರ್ಚು ಹಿಡಿದು ನೋಡಿದರೆ ಜೀವ ಹಿಡಿದ ಮೊಟ್ಟೆಯಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು ಕಾಣುತ್ತವೆ. ಬರಿದೇ ಬೆಳ್ಳಗಿದ್ದುದನ್ನು ತೆಗೆದುಬಿಡಿ. ಇಪ್ಪತ್ತೊಂದನೆಯ ದಿನ ಚಿಪ್ಪು ಒಡೆಯುತ್ತದೆ. ಮರಿಗೆ ರಾಗಿ, ಅಕ್ಕಿ ನುಚ್ಚಿನ ಜೊತೆ ಗೆದ್ದಲು ಬೇಕು. ಹಳೆಯ ಮಡಕೆಗೆ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ಕಡೆ ಸಂಜೆ ಮಗುಚಿ ಹಾಕಿದರೆ ಬೆಳಿಗ್ಗೆ ಮರಿಗಳಿಗೆ ಪುಕ್ಕಟೆ ಔತಣ!

ಅಲ್ಲಿಂದ ಪಶ್ಚಿಮಕ್ಕೆ ಅರಕಲಗೂಡು. ಹೊಗೆಸೊಪ್ಪು, ಶುಂಠಿ, ಮುಸುಕಿನ ಜೋಳದ ನಾಡು. ರಾಮನಾಥಪುರದಲ್ಲಿ ಕಾವೇರಿ ಹರಿಯುತ್ತಾಳೆ. ಮಲೆನಾಡಿನ ಮಳೆಯ ಸೆರಗು ಇಲ್ಲಿಗೆ ತಾಕುತ್ತದೆ. ಆಷಾಢದಲ್ಲಿ ಗೂಡಿನ ನೆಲ ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ಹಿಡಿಯುತ್ತದೆ. ಗೂಡು ನೆಲದಿಂದ ಎರಡಡಿ ಎತ್ತರದಲ್ಲಿರಲಿ, ಕೆಳಗೆ ಭತ್ತದ ಹೊಟ್ಟು ಹಾಸಿ, ಆಗಾಗ ಕೆದಕಿ ಸುಣ್ಣ ಸೇರಿಸಿ. ಬೂಷ್ಟು ಹಿಡಿದ ಜೋಳವನ್ನು ‘ಕೋಳಿಗೆ ತಾನೇ’ ಎಂದು ಹಾಕಬೇಡಿ, ಅದು ವಿಷ. ಔಷಧಿ ಹೊಡೆದ ಶುಂಠಿ ಹೊಲದ ಕಡೆಗೂ ಬಿಡಬೇಡಿ. ಮುಂಗುಸಿ, ಕಾಡುಬೆಕ್ಕು ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ.

ಆದರೆ ಮುಂಗುಸಿ ಒಯ್ಯುವುದು ಒಂದನ್ನು. ಕೊಕ್ಕರೆ ರೋಗ ಒಯ್ಯುವುದು ಎಲ್ಲವನ್ನೂ. ಕೊಣನೂರು ಕಡೆಯ ಗೃಹಿಣಿಯೊಬ್ಬರು ಹೇಳಿದರು: “ಸಂಜೆ ತೂಕಡಿಸ್ತಾ ಇದ್ವು ಅಕ್ಕಾ. ಎರಡು ದಿನದಲ್ಲಿ ಹದಿನಾಲ್ಕೂ ಮಲಗಿದ್ವು. ಮಗನ ಫೀಸಿಗೆ ಅಂತ ಇಟ್ಟಿದ್ದೆ.” ಹಸಿರು ಬೇಧಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಇದರ ಗುರುತು. 1927ರಲ್ಲಿ ನಮ್ಮ ದೇಶದಲ್ಲಿ ಉತ್ತರದ ರಾಣಿಖೇತದಲ್ಲಿ ಗುರುತಿಸಿದ್ದರಿಂದ ಡಾಕ್ಟರರ ಬಾಯಲ್ಲಿ ಇದು ರಾಣಿಖೇತ್ ರೋಗ. ಬಂದ ಮೇಲೆ ಮದ್ದಿಲ್ಲ. ಬರದಂತೆ ಲಸಿಕೆ ಉಂಟು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೆಯ ವಾರ ಮತ್ತೊಮ್ಮೆ, ಎಂಟನೆಯ ವಾರ ರೆಕ್ಕೆಯಡಿ ಸೂಜಿ. ಮುಂದೆ ಯಾವಾಗ ಎಂಬುದನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಹಾಗಿದ್ದರೆ ಎಲ್ಲರೂ ಏಕೆ ಹಾಕಿಸುವುದಿಲ್ಲ ಅಂತೀರಾ? ಲಸಿಕೆಯ ಸೀಸೆ ಬರುವುದೇ ನೂರು, ಇನ್ನೂರು ಕೋಳಿಗೆ ಆಗುವಷ್ಟು. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯವಳು ಒಬ್ಬಳೇ ಏನು ಮಾಡಿಯಾಳು? ಆಕೆಯ ಮನೆಯಲ್ಲಿ ಕೋಳಿ ಸತ್ತ ಮೇಲೆ ಆ ಬೀದಿಯ ಹೆಂಗಸರು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿಯೇ ಕೋಳಿ ಎಣಿಸಿದರು. ಹನ್ನೊಂದು ಮನೆ, ನೂರ ಚಿಲ್ಲರೆ ಕೋಳಿ. ದಿನ ಗೊತ್ತುಮಾಡಿ, ನಸುಕಿನಲ್ಲಿ ಗೂಡು ತೆಗೆಯುವ ಮೊದಲೇ ಎಲ್ಲರ ಮನೆಗೂ ಹೋಗಿ ಹಾಕಿಸಿದರು. ನೀವು ಪೇಟೆಯಲ್ಲಿದ್ದರೂ ಅಷ್ಟೆ. ಜಾಲರಿ, ಗೂಡು ಕೊಳ್ಳುವ ಮೊದಲು ಅಕ್ಕಪಕ್ಕದಲ್ಲಿ ಯಾರ್‍ಯಾರು ಕೋಳಿ ಸಾಕಿದ್ದಾರೆ ಎಂದು ವಿಚಾರಿಸಿ. ನಿಮ್ಮ ಕೋಳಿಗೆ ಹಾಕಿಸಿ ಪಕ್ಕದ ಮನೆಯದನ್ನು ಬಿಟ್ಟರೆ ರೋಗ ಬೇಲಿಯಾಚೆಯೇ ಕಾದು ಕೂತಿರುತ್ತದೆ. ಸತ್ತದ್ದನ್ನು ಕೆರೆಗೆ ಎಸೆಯಬೇಡಿ, ಕಡಿಮೆ ಬೆಲೆಗೆ ಮಾರಬೇಡಿ, ಅಡಿಗೆಯಂತೂ ಬೇಡವೇ ಬೇಡ. ಆಳವಾಗಿ ಹೂತು ಸುಣ್ಣ ಹಾಕಿ, ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ.

ಮರಳಿ ಹಾಸನಕ್ಕೆ ಬಂದು ಬೆಂಗಳೂರಿನ ರಸ್ತೆ ಹಿಡಿದರೆ ಚನ್ನರಾಯಪಟ್ಟಣ. ತೆಂಗಿನ ತೋಟಗಳು, ಒಣ ಹವೆ. ಕೋಳಿಗೆ ಹೇಳಿ ಮಾಡಿಸಿದ ನೆಲ. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇರುವೆಗೂ ನೋವಾಗಬಾರದು ಎನ್ನುವವರಿದ್ದಾರೆ. ಸುತ್ತಲ ಹಳ್ಳಿಗಳಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಕೋಳಿ ಕೊಯ್ಯದ ಮನೆ ಅಪರೂಪ. ಎರಡೂ ನಮ್ಮದೇ ನಾಡು.

ಸಾಕಿದ ಕೈಯಿಂದ ಕೊಯ್ಯುವುದು ಸುಲಭವಲ್ಲ. ಮಕ್ಕಳು ಹೆಸರಿಟ್ಟ ಕೋಳಿಯನ್ನು ಮೊಟ್ಟೆಗೆ ಉಳಿಸಿಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ. ಕೊಯ್ಯುವುದೇ ಆದರೆ ಅದಕ್ಕೆ ಹಿಂಸೆಯಾಗದಂತೆ ಕೊಯ್ಯಬೇಕು. ಹಿಂದಿನ ರಾತ್ರಿಯಿಂದ ಮೇವು ನಿಲ್ಲಿಸಿ, ನೀರು ಕೊಡಿ. ಅಟ್ಟಿಸಿಕೊಂಡು ಹಿಡಿಯಬೇಡಿ, ಕತ್ತಲಲ್ಲಿ ಗೂಡಿನಿಂದ ಮೆಲ್ಲಗೆ ಎತ್ತಿ. ಕಾಲು ಹಿಡಿದು ತಲೆಕೆಳಗು ಮಾಡಿದರೆ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಮಸೆದ ಚಾಕುವಿನಿಂದ ದವಡೆಯ ಕೆಳಗೆ ಒಂದೇ ಏಟಿಗೆ ಕೊಯ್ದು, ರಕ್ತ ಪೂರ್ತಿ ಇಳಿಯಲು ಬಿಡಬೇಕು. ಮೊದಲ ಸಲ ತಿಳಿದವರ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ಎರಡು ಚೊಂಬು ಕುದಿನೀರಿಗೆ ಒಂದು ಚೊಂಬು ತಣ್ಣೀರಿನ ಲೆಕ್ಕದಲ್ಲಿ ಬೆರೆಸಿ ಅರ್ಧ ನಿಮಿಷ ಅದ್ದಿ. ರೆಕ್ಕೆಯ ಗರಿ ಎಳೆದಾಗ ಸಲೀಸಾಗಿ ಬಂದರೆ ಹದವಾಯಿತು. ಬರೀ ಕುದಿನೀರಾದರೆ ಚರ್ಮ ಕಿತ್ತುಬರುತ್ತದೆ. ಪುಕ್ಕ ತೆಗೆದು, ಉರಿಯ ಮೇಲೆ ತಿರುಗಿಸಿ ಸಣ್ಣ ರೋಮ ಸುಟ್ಟು, ಅರಿಶಿನ ಹಚ್ಚಿ ತೊಳೆಯುವುದು ಇಲ್ಲಿಯ ಕ್ರಮ. ಕರುಳು ತೆಗೆಯುವಾಗ ಈಲಿಗೆ ಅಂಟಿದ ಹಸಿರು ಪಿತ್ತದ ಚೀಲ ಒಡೆಯದಂತೆ ನೋಡಿಕೊಳ್ಳಿ. ಒಡೆದರೆ ಸಾರೆಲ್ಲ ಕಹಿ. ಕೊಯ್ದ ಕೂಡಲೇ ಒಲೆಗೆ ಏರಿಸಿ, ಇಲ್ಲವೇ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಿ. ನಡುವೆ ಒಂದೆರಡು ಗಂಟೆ ಬಿಟ್ಟು ಬೇಯಿಸಿದರೆ ಮಾಂಸ ನಾರಾಗುತ್ತದೆ. ವಯಸ್ಸಾದ ಹೇಂಟೆಯಾದರೆ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಕು. ಹುರಿದ ಧನಿಯ, ಮೆಣಸಿನಕಾಯಿ, ತೆಂಗಿನಕಾಯಿ ರುಬ್ಬಿ ಹಾಕಿ ಕುದಿಸಿ, ಪಕ್ಕದಲ್ಲಿ ರಾಗಿ ಮುದ್ದೆ ಕಟ್ಟಿಡಿ. ಪುಕ್ಕ, ಕರುಳನ್ನು ನಾಯಿ ಕೆದಕದಷ್ಟು ಆಳದಲ್ಲಿ ತೆಂಗಿನ ಬುಡದಿಂದ ಮೂರು ಅಡಿ ದೂರಕ್ಕೆ ಹೂತುಬಿಡುತ್ತಾರೆ ಚನ್ನರಾಯಪಟ್ಟಣದವರು.