ವಿತ್, ಎನೇಬಲ್, ಸಪೋರ್ಟ್

ಮಾರ್ಚ್ 4, ಮಂಗಳವಾರ

ಮಾನಿಟರೇ ಇಲ್ಲದ ಸರ್ವರ್‌ಗಳಿಗೆ ಚಿಕ್ಕ ಇಮೇಜ್ ಕಟ್ಟುವ ಕೆಲಸ ಶುರು. ಗ್ರಾಫಿಕ್ಸ್, ಧ್ವನಿ, ಮ್ಯಾನುಯಲ್ ಪುಟ ಯಾವುದೂ ಬೇಡ. ನಿಕ್ಸ್‌ನಲ್ಲಾದರೆ ಪ್ಯಾಕೇಜಿಗೆ ಒಂದು ಆರ್ಗ್ಯುಮೆಂಟ್ ಕೊಟ್ಟು ಬೇಡದ್ದನ್ನು ಬಿಡಿಸಬಹುದು. ಆ ಆರ್ಗ್ಯುಮೆಂಟಿನ ಹೆಸರೇನು ಅನ್ನುವುದೇ ತಲೆನೋವು. ಗಿಟ್ ಪ್ಯಾಕೇಜಿನ ಫೈಲ್ ತೆರೆದಾಗ ಟೀಮಿಗೆ ಹೊಸದಾಗಿ ಬಂದವಳು ಪಕ್ಕದಲ್ಲಿದ್ದಳು. “ಸರ್, ಮ್ಯಾನುಯಲ್‌ಗೆ ‘ವಿತ್ ಮ್ಯಾನುಯಲ್’ ಅಂತಿದೆ, ಪರ್ಲ್‌ಗೆ ‘ಪರ್ಲ್ ಸಪೋರ್ಟ್’ ಅಂತಿದೆ. ಇಬ್ಬರು ಸೇರಿ ಬರೆದಿದ್ದಾ ಇದನ್ನ?” ಅಂದಳು. ಇಬ್ಬರೇ ಆಗಿದ್ದರೆ ಕೂರಿಸಿ ಮಾತಾಡಿಸಬಹುದಿತ್ತು. ಎಷ್ಟೋ ವರ್ಷಗಳಿಂದ ಎಷ್ಟೋ ಜನ ಒಂದೊಂದು ಸಾಲು ಸೇರಿಸಿದ್ದಾರೆ, ಪ್ರತಿಯೊಬ್ಬರೂ ತಾವು ಹಿಂದೆ ನೋಡಿದ್ದನ್ನೇ ಹಿಡಿದು. ಬೇರೆ ಪ್ಯಾಕೇಜುಗಳಲ್ಲಿ ‘ಎನೇಬಲ್’ ಅಂತ ಶುರುವಾಗುವುದೂ ಇದೆ. ಈಮ್ಯಾಕ್ಸ್‌ನಲ್ಲಂತೂ ‘ನೋ ಜಿಯುಐ’. ಉಳಿದ ಕಡೆ ಬೇಡ ಅನ್ನಲು ಫಾಲ್ಸ್, ಇಲ್ಲಿ ಮಾತ್ರ ಟ್ರೂ.

ಒಂದು ಪುಣ್ಯ, ಇಲ್ಲದ ಹೆಸರು ಕೊಟ್ಟರೆ ನಿಕ್ಸ್ ಸಾಮಾನ್ಯವಾಗಿ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ.

ಮಾರ್ಚ್ 5, ಬುಧವಾರ

ಹಾಗೆ ನಿಲ್ಲದ ಬಿಲ್ಡ್ ವ್ಯವಸ್ಥೆಗಳದ್ದೇ ಭಯ. ಆಟೋಕಾನ್ಫ್‌ನ ಕಾನ್ಫಿಗರ್ ಸ್ಕ್ರಿಪ್ಟ್‌ಗೆ ತಪ್ಪು ಹೆಸರು ಕೊಟ್ಟರೆ, ಇದು ಗೊತ್ತಿಲ್ಲ ಅಂತ ಒಂದು ವಾರ್ನಿಂಗ್ ಉಗುಳಿ ಮುಂದೆ ಹೋಗುತ್ತದೆ. ನೂರಾರು ಸಾಲುಗಳ ನಡುವೆ ಆ ಒಂದು ಸಾಲನ್ನು ಯಾರು ಓದುತ್ತಾರೆ? ಸಿಮೇಕ್ ಕೂಡ ಹೀಗೆಯೇ. ಮೆಸನ್ ಪಟ್ಟು ಹಿಡಿದು ನಿಲ್ಲುತ್ತದೆ, ಅದಕ್ಕೇ ನನಗೆ ಅದರ ಮೇಲೆ ಒಲವು. ಆದರೆ ಅದರಲ್ಲಿ ಹೌದು, ಇಲ್ಲ ಅನ್ನುವುದರ ಜೊತೆ ‘ಆಟೋ’ ಅನ್ನುವ ಮೂರನೆಯದಿದೆ. ಯಂತ್ರದಲ್ಲಿ ಲೈಬ್ರರಿ ಸಿಕ್ಕರೆ ಸೇರಿಸು, ಇಲ್ಲದಿದ್ದರೆ ಬಿಡು ಅಂತ. ಪ್ಯಾಕೇಜ್ ಕಟ್ಟುವವರಿಗೆ ಇದರಷ್ಟು ಕಿರಿಕಿರಿ ಇನ್ನೊಂದಿಲ್ಲ.

ಹೆಸರಿಡುವ ಗ್ನೂ ನಿಯಮ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಪ್ರೋಗ್ರಾಮಿನ ಒಳಗಿನ ಸೌಲಭ್ಯಕ್ಕೆ ‘ಎನೇಬಲ್’, ಹೊರಗಿನ ಪ್ಯಾಕೇಜನ್ನು ಬಳಸುವುದಾದರೆ ‘ವಿತ್’. ಆದರೆ ಧ್ವನಿ ಬೇಕು ಅನ್ನುವವನಿಗೆ ಅದು ಒಳಗಿಂದ ಬರುತ್ತದೋ ಹೊರಗಿಂದಲೋ ಏನಾಗಬೇಕು? ಪ್ರೋಗ್ರಾಮ್ ಬರೆಯುವವರೇ ಎಷ್ಟೋ ಕಡೆ ಆ ನಿಯಮ ಪಾಲಿಸಿಲ್ಲ.

ಮಾರ್ಚ್ 8, ಶನಿವಾರ

ಮನೆಯ ಜೆಂಟೂ ಯಂತ್ರಕ್ಕೆ ಅಪ್‌ಡೇಟ್ ಹಾಕಿ ಕೂತೆ. ಕಂಪೈಲ್ ಮುಗಿಯುವಷ್ಟರಲ್ಲಿ ಊಟವೂ ಆಯಿತು, ಒಂದು ನಿದ್ದೆಯೂ ಆಯಿತು.

ಹೆಸರಿನ ವಿಷಯದಲ್ಲಿ ಜೆಂಟೂದವರಷ್ಟು ತಲೆ ಕೆಡಿಸಿಕೊಂಡವರು ಕಡಿಮೆ. ಸೌಲಭ್ಯ ಆರಿಸುವ ಅವರ ಯೂಸ್ ಫ್ಲ್ಯಾಗ್‌ಗೆ ‘ವಿತ್’ ಇಲ್ಲ, ‘ಸಪೋರ್ಟ್’ ಇಲ್ಲ. ಜೆಪೆಗ್ ಬೇಕಾದರೆ ಜೆಪೆಗ್, ಬೇಡವಾದರೆ ಮುಂದೊಂದು ಮೈನಸ್. ಒಂದೇ ಅರ್ಥದಲ್ಲಿ ಕನಿಷ್ಠ 5 ಪ್ಯಾಕೇಜುಗಳು ಬಳಸಿದ ಮೇಲೆಯೇ ಒಂದು ಫ್ಲ್ಯಾಗ್ ಎಲ್ಲರ ಪಟ್ಟಿಗೆ ಸೇರಬಹುದು. ಅಲ್ಲಿಯವರೆಗೆ ಅದು ಆಯಾ ಪ್ಯಾಕೇಜಿನ ಸ್ವಂತದ್ದು, ವಿವರಣೆಯೂ ಅಲ್ಲೇ. ಮೊದಲು ಬಳಕೆ, ಆಮೇಲೆ ನಿಯಮ. ಮೇಲಿನಿಂದ ಹೆಸರು ಹೇರುವುದಕ್ಕಿಂತ ಇದು ಎಷ್ಟೋ ಮೇಲು. ‘ನೋ’ ಸೇರಿಸಿದ ಹೆಸರುಗಳನ್ನೂ ಕಿತ್ತುಹಾಕಿದರು. ಹಳೆಯ ‘ನೋಸಿಎಕ್ಸ್‌ಎಕ್ಸ್’ನ ಮುಂದೆ ಮೈನಸ್ ಬಂದರೆ ಏನರ್ಥ ಅಂತ ಎರಡು ಸಲ ಯೋಚಿಸಬೇಕಿತ್ತು. ಈಗ ಬರೀ ‘ಸಿಎಕ್ಸ್‌ಎಕ್ಸ್’.

ಆದರೂ ಎಡವಿದ್ದಾರೆ. ಭಾಷೆಗಳನ್ನು ಆರಿಸಲು ‘ಲಿಂಗ್ವಾಸ್’ ಅನ್ನುವ ವೇರಿಯಬಲ್ ಇಟ್ಟುಕೊಂಡಿದ್ದರು. ಅದೇ ಹೆಸರನ್ನು ಗೆಟ್‌ಟೆಕ್ಸ್ಟ್ ಬಳಸುವ ಬಿಲ್ಡ್‌ಗಳೂ ನೇರವಾಗಿ ಓದುತ್ತವೆ. ಆ ವೇರಿಯಬಲ್ ಇಲ್ಲವೇ ಇಲ್ಲ ಅಂದರೆ ಎಲ್ಲ ಅನುವಾದಗಳೂ ಬರುತ್ತವೆ, ಖಾಲಿ ಇಟ್ಟರೆ ಒಂದೂ ಬರುವುದಿಲ್ಲ. ಒಂದೇ ಹೆಸರಿಗೆ ಇಬ್ಬರು ಯಜಮಾನರು. 2016ರಲ್ಲಿ ತಮ್ಮದನ್ನು ‘ಎಲ್10ಎನ್’ ಅಂತ ಬೇರೆ ಮಾಡಿಕೊಂಡರು. ಅಕ್ಷರ ಹೊಂದಿದ್ದಕ್ಕೆ ಅರ್ಥವೂ ಹೊಂದಬೇಕೆಂದಿಲ್ಲ, ಕಷ್ಟದ ಭಾಗ ಅದು. ವಿತ್ತೋ ಎನೇಬಲ್ಲೋ ಅನ್ನುವುದು ಅರ್ಧ ದಿನದ ಸ್ಕ್ರಿಪ್ಟ್ ಕೆಲಸ.

ಮಾರ್ಚ್ 12, ಬುಧವಾರ

ನಮ್ಮದೇ ಪ್ಯಾಕೇಜುಗಳಿಗೆ ಒಂದು ನಿಯಮ ಬರೆಯೋಣ ಅಂತ ಟೀಮಿನ ಹೊಸಬಳೇ ಕೂತಳು. ರಸ್ಟ್‌ನವರ ಮಾರ್ಗಸೂಚಿ ತೋರಿಸಿದೆ. ‘ಯೂಸ್’, ‘ವಿತ್’ ಅಂತ ಮುಂದೆ ಅಂಟಿಸಬೇಡಿ, ಸೌಲಭ್ಯದ ಹೆಸರು ಸಾಕು. ನಕಾರದ ಹೆಸರಂತೂ ಬೇಡವೇ ಬೇಡ. ಅಲ್ಲಿ ಇದು ಬರೀ ಅಂದದ ಮಾತಲ್ಲ. ಒಂದೇ ಲೈಬ್ರರಿಯನ್ನು ಇಬ್ಬರು ಬಳಸಿದರೆ ಕಾರ್ಗೋ ಇಬ್ಬರೂ ಕೇಳಿದ ಫೀಚರ್‌ಗಳನ್ನು ಕೂಡಿಸಿ ಒಂದೇ ಸಲ ಕಟ್ಟುತ್ತದೆ. ಒಬ್ಬ ‘ನೋ’ ಅಂದದ್ದು ಇನ್ನೊಬ್ಬನ ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳುತ್ತದೆ.

“ಮತ್ತೆ ಡೆಬಿಯನ್‌ನಲ್ಲಿ ‘ನೋಡಾಕ್’, ‘ನೋಚೆಕ್’ ಇದೆಯಲ್ಲ ಸರ್?” ಒಳ್ಳೆಯ ಪ್ರಶ್ನೆ. ಅಲ್ಲಿ ಎಲ್ಲ ಸೇರಿದ ಬಿಲ್ಡೇ ರೂಢಿ, ಬಿಡುವುದೇ ವಿಶೇಷ. ಅವರ ಲೆಕ್ಕಕ್ಕೆ ಅದು ಸರಿ.

ಪೈಥಾನ್‌ನ ಕಥೆಯನ್ನೂ ಹೇಳಿದೆ. ಹೆಚ್ಚುವರಿ ಸೌಲಭ್ಯಗಳ ಹೆಸರಿನಲ್ಲಿ ಅಡ್ಡಗೆರೆ, ಅಡಿಗೆರೆ, ಚುಕ್ಕಿ ಎಲ್ಲ ಒಂದೇ ಅಂತ 2022ರ ಪೆಪ್ 685 ತೀರ್ಮಾನಿಸಿತು. ಆದರೂ ಒಬ್ಬರದು ‘ಟೆಸ್ಟ್’, ಒಬ್ಬರದು ‘ಟೆಸ್ಟ್ಸ್’, ಮತ್ತೊಬ್ಬರದು ‘ಟೆಸ್ಟಿಂಗ್’.

ನಿಯಮ ಅರ್ಧ ಪುಟ ಆಯಿತು. ಬರೀ ಸೌಲಭ್ಯದ ಹೆಸರು, ನಕಾರ ಇಲ್ಲ, ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆ. ಹಳೆಯ ಹೆಸರು ಕೊಟ್ಟರೆ ಹೊಸದನ್ನು ತಿಳಿಸಿ ಬಿಲ್ಡ್ ನಿಲ್ಲಬೇಕು. ‘ಮಿನಿಮಲ್’ ಒಂದೇ ಉಳಿದಿದೆ. ಏನು ಬಿಡುತ್ತದೆ ಅಂತ ಹೇಳದ ಹೆಸರು, ಒಂದೊಂದು ಪ್ಯಾಕೇಜಿನಲ್ಲಿ ಒಂದೊಂದು ಅರ್ಥ. ನಾನು ಹೊಡೆದುಹಾಕಿದೆ. ಜನ ಮೊದಲು ಹುಡುಕುವುದೇ ಅದನ್ನು ಅಂತ ಅವಳು ಮತ್ತೆ ಸೇರಿಸಿದ್ದಾಳೆ. ಶುಕ್ರವಾರದ ಮೀಟಿಂಗ್‌ಗೆ ಇಟ್ಟಿದ್ದೇವೆ.