ಸೋತ ಊರಿನ ಚಪ್ಪಾಳೆ

ಮ್ಯಾಚು ಮುಗಿದ ಮೇಲಿನ ಹತ್ತು ನಿಮಿಷ ನನಗೆ ಬಲು ಇಷ್ಟ. ಗೆದ್ದ ದಿನ ಎಲ್ಲ ಊರಿನವರೂ ಒಂದೇ ಥರ ಕುಣಿಯುತ್ತಾರೆ, ಅದರಲ್ಲಿ ನೋಡುವಂಥದ್ದೇನಿದೆ? ನೋಡಬೇಕಾದದ್ದು ಸೋತ ದಿನ. ಅರ್ಧ ಜನ ಆಗಲೇ ಬಸ್ ಸ್ಟಾಪಿನ ಕಡೆ ಹೊರಟಿರುತ್ತಾರೆ. ಉಳಿದವರು ಏನು ಮಾಡುತ್ತಾರೆ ಎಂಬುದರಲ್ಲಿ ಆ ಊರಿಗೆ ಆಟ ಎಷ್ಟು ಗೊತ್ತು ಎಂಬುದು ತಿಳಿಯುತ್ತದೆ.

ಈ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ಚೆನ್ನೈನ ಚೆಪಾಕ್‌ನಲ್ಲಿ, 1999ರ ಜನವರಿ 31ರಂದು. ಪಾಕಿಸ್ತಾನ ನಮ್ಮಲ್ಲಿ ಟೆಸ್ಟ್ ಆಡಿ ಹನ್ನೆರಡು ವರ್ಷವಾಗುತ್ತ ಬಂದಿತ್ತು. ಹಿಂದಿನದು ನಮ್ಮ ಬೆಂಗಳೂರಿನದೇ, 1987ರದ್ದು. ಗಾವಸ್ಕರ್ 96 ಹೊಡೆದರೂ 16 ರನ್ನಿನಿಂದ ಸೋತೆವಲ್ಲ, ಅವರ ಕೊನೆಯ ಟೆಸ್ಟ್, ಅದು. ಈ ಸಲವಂತೂ ತಂಡ ಬರುವ ಮೊದಲೇ ಗಲಾಟೆ. ಪಾಕಿಸ್ತಾನ ಬರುವುದನ್ನು ವಿರೋಧಿಸಿದವರು ದೆಹಲಿಯ ಕೋಟ್ಲಾ ಮೈದಾನದ ಪಿಚ್ಚನ್ನೇ ಅಗೆದು ಹಾಕಿದ್ದರು. ಹಾಗಾಗಿ ಮೊದಲ ಟೆಸ್ಟ್ ಚೆನ್ನೈ ಪಾಲಿಗೆ ಬಂತು.

ನಮ್ಮ ವೆಂಕಟೇಶ ಪ್ರಸಾದ್ ಎರಡನೇ ಇನಿಂಗ್ಸ್‌ನಲ್ಲಿ 33 ರನ್ನಿಗೆ 6 ವಿಕೆಟ್ ಕಿತ್ತು ಕೈತಪ್ಪುತ್ತಿದ್ದ ಆಟವನ್ನು ಹಿಡಿದು ನಿಲ್ಲಿಸಿದ್ದರು. ಗುರಿ 271. ಸಚಿನ್ ಬೆನ್ನುನೋವು ನುಂಗಿಕೊಂಡು 136 ಹೊಡೆದರು. ಇನ್ನು ಬರೀ 17 ಬೇಕು ಎನ್ನುವಾಗ ಸಕ್ಲೇನ್ ಮುಷ್ತಾಕ್ ಎಸೆತವನ್ನು ಎತ್ತಿ ಹೊಡೆದು ಔಟಾದರು. ಉಳಿದವರು ಸುನಿಲ್ ಜೋಶಿ, ಕುಂಬ್ಳೆ, ಶ್ರೀನಾಥ್, ಪ್ರಸಾದ್. ನಾಲ್ವರೂ ಕರ್ನಾಟಕದವರೇ! ನಾಲ್ಕು ರನ್ ಸೇರುವಷ್ಟರಲ್ಲಿ ಎಲ್ಲ ಮುಗಿಯಿತು. 12 ರನ್ನಿನ ಸೋಲು.

ಮರುಕ್ಷಣ ಏನು ಬೇಕಾದರೂ ಆಗಬಹುದಿತ್ತು. ಚೆಪಾಕ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಾಸಿಂ ಅಕ್ರಮ್ ತಮ್ಮ ತಂಡವನ್ನು ಕರೆದುಕೊಂಡು ಮೈದಾನ ಸುತ್ತಿದರು, ಚಪ್ಪಾಳೆ ಅವರ ಜೊತೆಜೊತೆಗೇ ಸುತ್ತಿತು.

ಇದನ್ನು ದೊಡ್ಡ ಮನಸ್ಸು ಎಂದು ಹೊಗಳುತ್ತಾರೆ. ಹೊಗಳಲಿ, ತಪ್ಪಿಲ್ಲ. ಆದರೆ ಅದಕ್ಕೂ ಮೊದಲು ಅದು ತಿಳಿವಳಿಕೆ ಎಂದು ನನ್ನ ನಂಬಿಕೆ. ಅದೇ ಮೈದಾನದಲ್ಲಿ 1997ರ ಮೇ ತಿಂಗಳಲ್ಲಿ ಸಯೀದ್ ಅನ್ವರ್ 194 ಹೊಡೆದಾಗಲೂ ಜನ ಎದ್ದು ನಿಂತಿದ್ದರು. (ನಮ್ಮ ದ್ರಾವಿಡ್ ಏಕದಿನದ ಮೊದಲ ಶತಕ ಹೊಡೆದದ್ದೂ ಆ ಪಂದ್ಯದಲ್ಲೇ.) ಸಕ್ಲೇನ್ ಕೈಯಿಂದ ಹೊರಟ ಚೆಂಡು ಯಾವ ಕಡೆ ತಿರುಗೀತು ಎಂದು ಉಸಿರು ಬಿಗಿಹಿಡಿದು ನೋಡಿದವನಿಗೆ, ಆ ಕೆಲಸ ಎಷ್ಟು ಕಷ್ಟದ್ದು ಎಂದು ಗೊತ್ತಿರುತ್ತದೆ. ಹೊಟ್ಟೆಯಲ್ಲಿ ಸಂಕಟವಿದ್ದರೂ ಅವನ ಕೈ ಸುಮ್ಮನಿರುವುದಿಲ್ಲ.

ಕನ್ನಡದವರಿಗೆ ಇದು ಹೊಸ ಮಾತೂ ಅಲ್ಲ. ರನ್ನನ ಗದಾಯುದ್ಧದ ದುರ್ಯೋಧನ ರಣರಂಗದಲ್ಲಿ ನಡೆದು ಬರುವಾಗ ಅಭಿಮನ್ಯುವಿನ ಹೆಣ ಕಾಣುತ್ತದೆ. ವೈರಿಯ ಮಗ. ಅವನೆದುರು ಕೈಮುಗಿದು, ನಿನ್ನ ಸಾಹಸದ ಒಂದು ಪಾಲಿಗಾದರೂ ತಕ್ಕ ಸಾವು ನನಗೆ ದಕ್ಕಲಿ ಎಂದು ಬೇಡುತ್ತಾನೆ. ಎಲ್ಲ ಕಳೆದುಕೊಂಡು ನಿಂತವನ ಬಾಯಿಂದ ಆ ಮಾತು ಬರುವುದರಿಂದಲೇ ಅದಕ್ಕೆ ಅಷ್ಟು ತೂಕ.

ಎಲ್ಲ ದಿನವೂ ಹೀಗಿರುವುದಿಲ್ಲ. ಚೆನ್ನೈ ಆಗಿ ಮೂರೇ ವಾರಕ್ಕೆ ಕೋಲ್ಕತ್ತದ ಈಡನ್‌ನಲ್ಲಿ ಗಲಾಟೆಯೆದ್ದು, ಪೊಲೀಸರು ಪ್ರೇಕ್ಷಕರನ್ನೆಲ್ಲ ಹೊರಗೆ ಕಳಿಸಿ ಖಾಲಿ ಮೈದಾನದಲ್ಲಿ ಟೆಸ್ಟ್ ಮುಗಿಸಬೇಕಾಯಿತು. ನಮ್ಮ ಚಿನ್ನಸ್ವಾಮಿಯಲ್ಲಿ 2015ರಲ್ಲಿ ಎಬಿ ಡಿವಿಲಿಯರ್ಸ್ ನೂರನೇ ಟೆಸ್ಟ್ ಆಡಿ 85 ಹೊಡೆದಾಗ ‘ಎಬಿಡಿ, ಎಬಿಡಿ’ ಎಂಬ ಕೂಗು ಮುಗಿಲು ಮುಟ್ಟಿತ್ತು. ನನಗೆ ಅದು ತುಂಬ ಪ್ರೀತಿಯ ನೆನಪು. ಆದರೂ ಆಗ ಅವರು ಆರ್‌ಸಿಬಿಯವರು, ಅರ್ಧ ನಮ್ಮವರೇ. ಚೆಪಾಕ್‌ನವರಿಗೆ ಅಂಥ ಯಾವ ನೆಂಟಸ್ತಿಕೆಯೂ ಇರಲಿಲ್ಲ.

2004ರ ಮಾರ್ಚ್‌ನಲ್ಲಿ ಕರಾಚಿಯ ಏಕದಿನ ಪಂದ್ಯದಲ್ಲಿ ಭಾರತ 349 ಹೊಡೆಯಿತು, ದ್ರಾವಿಡ್ 99ಕ್ಕೆ ಔಟಾದರು, ಇಂಜಮಾಮ್ 122 ಹೊಡೆದರೂ ಪಾಕಿಸ್ತಾನ 344ಕ್ಕೆ ನಿಂತಿತು. ಕರಾಚಿಯ ಜನ ಎದ್ದು ನಿಂತು ಭಾರತಕ್ಕೆ ಚಪ್ಪಾಳೆ ತಟ್ಟಿದರು. ಚೆನ್ನೈ ಋಣ ತೀರಿಸಿದರು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೊನೆಯ ಓವರಿನಲ್ಲಿ 9 ಬೇಕಿದ್ದಾಗ ನೆಹ್ರಾ ಕೊಟ್ಟದ್ದು ಮೂರೇ ರನ್. ಅದನ್ನು ಕಣ್ಣಾರೆ ಕಂಡ ಕರಾಚಿಯವರು ಇನ್ನೇನು ಮಾಡಬೇಕಿತ್ತು ಹೇಳಿ!